ಮುಧೋಳ ನಾಯಿ ಸಾಕುವವರಿಗೆ: ಮರಿಯ ಆಯ್ಕೆಯಿಂದ ಮುಪ್ಪಿನ ಆರೈಕೆಯವರೆಗೆ

ಸೇನೆಗೆ ಸೇರಿದ ನಾಯಿ ಎಂಬ ಸುದ್ದಿ ಹರಡಿದಾಗಿನಿಂದ ಮುಧೋಳ ತಳಿಗೆ ಎಲ್ಲಿಲ್ಲದ ಬೇಡಿಕೆ. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆಂದು ಮರಿಗಳು ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ಈ ತಳಿಯ ಹೆಸರೆತ್ತಿದರು. ಬಾಗಲಕೋಟೆ ಜಿಲ್ಲೆಯ ಹೊಲಗಳಲ್ಲಿ ಬೆಳೆಯುತ್ತಿದ್ದ ಮರಿಗಳು ನಗರದ ಮೂವತ್ತು–ನಲವತ್ತು ಅಡಿ ನಿವೇಶನದ ಮನೆಗಳಿಗೂ ಬಂದವು. ಹಾಗೆ ಬಂದ ಮರಿಗಳಲ್ಲಿ ಎಷ್ಟೋ ಇಂದು ತಾರಸಿಯ ನೀರಿನ ತೊಟ್ಟಿಯ ಪಕ್ಕ ಸರಪಳಿಯಲ್ಲಿವೆ. ಮಾತು ಕೇಳುವುದಿಲ್ಲ, ರಾತ್ರಿಯೆಲ್ಲ ಊಳಿಡುತ್ತದೆ, ಬಟ್ಟೆ ಹರಿಯುತ್ತದೆ, ಕಳ್ಳ ಬಂದರೂ ಬೊಗಳುವುದಿಲ್ಲ ಎಂದು ಯಜಮಾನರು ದೂರುತ್ತಾರೆ.

ದೂರು ನಿಜವೇ ಇರಬಹುದು. ತಪ್ಪು ಮಾತ್ರ ನಾಯಿಯದಲ್ಲ. ಮುಧೋಳ ನಾಯಿಯ ಸ್ವಭಾವದ ಸಮಸ್ಯೆ ಎಂದು ಹೇಳುವುದರಲ್ಲಿ ಹೆಚ್ಚಿನವು ಜಾಗದ ಸಮಸ್ಯೆಗಳು. ಆದ್ದರಿಂದ ನನ್ನ ಸಲಹೆಯ ಕ್ರಮ ಹೀಗೆ: ಮೊದಲು ಬಯಲು ಹುಡುಕಿ, ಆಮೇಲೆ ಮರಿ ಹುಡುಕಿ.

ಮೊದಲ ಹೆಜ್ಜೆ: ಸ್ವಭಾವ ಅರಿತು ತೀರ್ಮಾನಿಸಿ

ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಮಿಸುಕಿದರೆ ಸಾಕು, ಕಿವಿ ಹಿಂದಕ್ಕೆ ಮಡಚಿ, ಕತ್ತು ಚಾಚಿ, ಒಂದೇ ನೆಗೆತಕ್ಕೆ ಹೊರಟುಬಿಡುತ್ತದೆ. ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ದಾಪಿಗೂ ಎರಡು ಬಾರಿ ನಾಲ್ಕು ಕಾಲೂ ನೆಲದಿಂದ ಮೇಲಿರುತ್ತವೆ. ಗಂಡು ಭುಜದ ಬಳಿ 70 ಸೆಂಟಿಮೀಟರ್ ಆಸುಪಾಸು ಎತ್ತರ, ಹೆಣ್ಣು ಕೊಂಚ ಗಿಡ್ಡ. ಆದರೆ ತೂಕ 20ರಿಂದ 28 ಕಿಲೋ ಅಷ್ಟೆ. ಆಳವಾದ ಎದೆಗೂಡು, ಒಳಗೆ ಸೆಳೆದುಕೊಂಡ ಹೊಟ್ಟೆ, ಉದ್ದ ಮೂತಿ, ಕೊಬ್ಬಿಲ್ಲದ ತೆಳು ಚರ್ಮ, ಇವೆಲ್ಲ ಸೇರಿರುವುದು ಕೆಲವೇ ನಿಮಿಷಗಳ ಭಯಂಕರ ಓಟಕ್ಕಾಗಿ. ಉಳಿದ ಹೊತ್ತಿನಲ್ಲಿ ಅದು ನಿದ್ದೆಗೆ ಹೆಸರಾದ ಪ್ರಾಣಿ. ಚೆನ್ನಾಗಿ ಓಡಿಬಂದ ಮುಧೋಳ ನಾಯಿ ದಿನದ ಬಹುಪಾಲು ಮೂಲೆಯಲ್ಲಿ ಮಲಗಿರುತ್ತದೆ. ಓಡದ ನಾಯಿ ಮನೆಯನ್ನೇ ಬಯಲಾಗಿಸಿಕೊಳ್ಳುತ್ತದೆ.

ಮುಧೋಳದ ಸುತ್ತಲಿನ ಬೇಡರು ಮತ್ತು ಕುರಿಗಾಹಿಗಳು ಈ ನಾಯಿಗಳನ್ನು ಬೇಟೆಗೂ ಹೊಲದ ಕಾವಲಿಗೂ ಇಟ್ಟುಕೊಂಡಿದ್ದರು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಗುರುತಿಸಿ ಬೆಳೆಸಿದರು, ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿಯೂ ಕೊಟ್ಟರು. ಅರಮನೆಯ ಕಥೆ ಎಲ್ಲರಿಗೂ ಗೊತ್ತು. ಸಾಕುವವನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಹಟ್ಟಿಯ ಕಥೆ. ಕುರಿಯ ಹಿಂಡಿನ ಜೊತೆ ಹಗಲಿಡೀ ನಡೆದು, ನಡುನಡುವೆ ಮಿಂಚಿನಂತೆ ಓಡಿ, ಒಂದೇ ಕುಟುಂಬದ ನಾಲ್ಕಾರು ಜನರ ಹೊರತು ಬೇರಾರನ್ನೂ ಲೆಕ್ಕಕ್ಕಿಡದೆ ಬೆಳೆದ ನಾಯಿ ಇದು. ಆ ಗುಣ ಇಂದಿಗೂ ಹಾಗೇ ಇದೆ. ಮನೆಯವರ ಬಗ್ಗೆ ಅಪಾರ ಅಂಟು. ಹೊರಗಿನವರ ಬಗ್ಗೆ ಬಿಗುಮಾನ. ಬಂದ ನೆಂಟರು ತಲೆ ಸವರಲು ಕೈ ಚಾಚಿದರೆ ಸರಿದು ನಿಲ್ಲುತ್ತದೆ. ಒತ್ತಾಯಿಸಿದರೆ ಗುರುಗುಟ್ಟಬಹುದು. ಲ್ಯಾಬ್ರಡಾರ್ ಕಂಡು ಬೆಳೆದವರಿಗೆ ಇದು ಅಹಂಕಾರದಂತೆ ಕಾಣುತ್ತದೆ. ನನಗಂತೂ ಈ ದೂರವೇ ಈ ನಾಯಿಯ ಚೆಂದ.

ಹಾಗಾದರೆ ಯಾರು ಸಾಕಬಾರದು? ದಿನದಲ್ಲಿ ಎರಡು ಹೊತ್ತು ಹೊರಗೆ ಕರೆದೊಯ್ಯಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲದವರು. ಬೆಕ್ಕು, ಮೊಲ, ನಾಟಿ ಕೋಳಿ ಇರುವ ಮನೆಯವರು. ಮರಿಯಿಂದ ಜೊತೆಗೆ ಬೆಳೆಸಿದರೆ ಮನೆಯ ಬೆಕ್ಕಿಗೆ ಒಗ್ಗಬಹುದು, ಪಕ್ಕದ ಮನೆಯ ಬೆಕ್ಕಿಗೆ ಆ ಖಾತರಿ ಇಲ್ಲ. ಕಚ್ಚುವ ಕಾವಲು ನಾಯಿ ಬೇಕೆನ್ನುವವರು. ನಾಯಿಯನ್ನು ತಬ್ಬಿಕೊಂಡು, ಕಿವಿ ಎಳೆದು ಆಡುವ ವಯಸ್ಸಿನ ಮಕ್ಕಳಿರುವ ಮನೆಯವರು ಒಂದೆರಡು ವರ್ಷ ಕಾಯುವುದು ಒಳ್ಳೆಯದು. ಮಲಗಿದ ಮುಧೋಳ ನಾಯಿಯ ಮೈಮೇಲೆ ಮಗು ಬಿದ್ದರೆ, ಬೆಚ್ಚಿ ಎದ್ದ ನಾಯಿ ಮೊದಲು ಹಲ್ಲು ತೋರಿಸುತ್ತದೆ, ಯೋಚನೆ ಆಮೇಲೆ. ಎಂಟು–ಹತ್ತು ವರ್ಷದ, ಹೇಳಿದ್ದನ್ನು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗಲಾರ.

ಎರಡನೆಯ ಹೆಜ್ಜೆ: ಮರಿ ಎಲ್ಲಿಂದ, ಹೇಗೆ

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಶುದ್ಧ ತಳಿಯ ಮರಿ ಬೇಕಿದ್ದವರು ಮೊದಲು ವಿಚಾರಿಸಬೇಕಾದ ಜಾಗ ಅದು; ಕಾಯಬೇಕಾದರೆ ಕಾಯಿರಿ. ಸುತ್ತಲಿನ ಹಳ್ಳಿಗಳ ರೈತ ಕುಟುಂಬಗಳೂ ಸಾಕಿ ಮಾರುತ್ತವೆ. ಅವರಲ್ಲಿಗೆ ಹೋಗುವುದಾದರೆ ಸ್ವತಃ ಹೋಗಿ. ಮೊಬೈಲಿನಲ್ಲಿ ಚಿತ್ರ ನೋಡಿ, ಮುಂಗಡ ಕಳುಹಿಸಿ, ಬಸ್ಸಿನ ಡಿಕ್ಕಿಯಲ್ಲಿ ಬಂದ ಮರಿಯನ್ನು ಇಳಿಸಿಕೊಳ್ಳುವ ವ್ಯವಹಾರ ಬೇಡ.

ಹೋದಾಗ ಮರಿಗಿಂತ ಮೊದಲು ತಾಯಿಯನ್ನು ನೋಡಿ. ಅಪರಿಚಿತರನ್ನು ಕಂಡು ತಾಯಿ ದೂರ ನಿಂತು ಗಮನಿಸಿದರೆ ಅದು ತಳಿಯ ಗುಣ. ಬಾಲ ಮಡಚಿ ನಡುಗಿದರೆ, ಅಥವಾ ಕಂಡಕೂಡಲೇ ಮೇಲೆರಗಿದರೆ, ಆ ಸೂಲಿನ ಮರಿ ಬೇಡವೆನ್ನುವುದು ಜಾಣತನ. ಅಂಜುಬುರುಕತನ ರಕ್ತದಲ್ಲೇ ಬರುತ್ತದೆ. ಆಮೇಲೆ ತಿದ್ದುವುದು ಬಹಳ ಕಷ್ಟ. ಆಮೇಲೆ ಮರಿಯನ್ನು ಎತ್ತಿಕೊಳ್ಳಿ. ಹೊಟ್ಟೆ ಬಿಗಿದು ಗುಡಾಣದಂತಿದ್ದು ಪಕ್ಕೆಲುಬು ಕಂಡರೆ ಜಂತುಹುಳು ಇದೆ ಎಂದರ್ಥ. ಕಿವಿಯ ಮಡಿಕೆಯೊಳಗೆ, ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಇದೆಯೇ ನೋಡಿ. ಒಸಡು ತಿಳಿಗುಲಾಬಿ ಬಣ್ಣದ್ದಾಗಿರಬೇಕು, ಬಿಳಿಚಿರಬಾರದು. ನೆಲಕ್ಕೆ ಬಿಟ್ಟು ಸ್ವಲ್ಪ ದೂರದಲ್ಲಿ ಕೀಲಿಕೈ ಗೊಂಚಲು ಬೀಳಿಸಿ: ಬೆಚ್ಚಿ ಹಿಂದೆ ಸರಿದು, ಅರೆಕ್ಷಣದಲ್ಲಿ ಮೂಸಲು ಮುಂದೆ ಬರುವ ಮರಿಯೇ ಒಳ್ಳೆಯದು.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಕಾನೂನಿಗಿಂತ ದೊಡ್ಡ ಕಾರಣ ಮರಿಯದೇ ಇದೆ. ಕಚ್ಚುವಾಗ ಎಷ್ಟು ಬಿಗಿ ಹಿಡಿಯಬೇಕು ಎಂಬುದನ್ನು ಅದು ಒಡಹುಟ್ಟಿದವರಿಂದ ಕಲಿಯುವುದು ಆ ವಾರಗಳಲ್ಲೇ. ಮೂವತ್ತು ದಿನದ ಮರಿಯನ್ನು ಕೈಗಿಡುವವರಿಗೆ ಬೆನ್ನು ತಿರುಗಿಸಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಂದು, ಕಪ್ಪು, ಬಿಳಿ, ಬೂದು, ಮಚ್ಚೆಯವು ಎಲ್ಲವೂ ಇವೆ. ಅಪರೂಪದ ಬಣ್ಣವೆಂದು ಹೆಚ್ಚು ಬೆಲೆ ಕೇಳಿದರೆ ಅದು ವ್ಯಾಪಾರ ಮಾತ್ರ. ದಾಖಲೆಯಲ್ಲಿ ಕ್ಯಾರವಾನ್ ಹೌಂಡ್ ಎಂದಿದ್ದರೆ ಗಾಬರಿ ಬೇಡ, ಕೆನಲ್ ಕ್ಲಬ್ ಆಫ್ ಇಂಡಿಯಾ ಆ ಹೆಸರಿನಲ್ಲೇ ನೋಂದಾಯಿಸುತ್ತದೆ.

ಮೂರನೆಯ ಹೆಜ್ಜೆ: ಮರಿ ಬರುವ ಮುನ್ನ ಮನೆ

ಕಾಂಪೌಂಡ್ ಗೋಡೆ ಆರು ಅಡಿಗಿಂತ ಕಡಿಮೆಯಿದ್ದರೆ ಏರಿಸಿ, ಅಥವಾ ಮೇಲೆ ಜಾಲರಿ ಹಾಕಿಸಿ. ನಾಲ್ಕಡಿಯ ಗೋಡೆಯನ್ನು ಈ ನಾಯಿ ನಿಂತಲ್ಲಿಂದಲೇ ದಾಟಬಲ್ಲದು. ಗೇಟಿನ ಕೆಳಗೆ ಮರಿ ನುಸುಳುವಷ್ಟು ಸಂದಿಯಿದ್ದರೆ ಹಲಗೆ ಕಟ್ಟಿ.

ಹಾಸಿಗೆ ಬೇಕೇ ಬೇಕು. ನಾಯಿಗೆ ನೆಲವೇ ಸಾಕಲ್ಲ ಎಂಬ ಮಾತು ಈ ತಳಿಗೆ ಹೊಂದುವುದಿಲ್ಲ. ಮೂಳೆಯ ಮೇಲೆ ಮಾಂಸದ ಮೆತ್ತೆ ಇಲ್ಲದ ಕಾರಣ ಗಟ್ಟಿ ಸಿಮೆಂಟಿನ ಮೇಲೆ ಮಲಗಿ ಮಲಗಿ ಮೊಣಕೈ ಬಳಿ ಕೂದಲುದುರಿ ಗಂಟು ಕಟ್ಟುತ್ತದೆ; ಕೆಲವೊಮ್ಮೆ ಒಡೆದು ಹುಣ್ಣಾಗುತ್ತದೆ. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಅಂಗಡಿಯಲ್ಲೂ ಸಿಗುವುದಿಲ್ಲ. ತೊಳೆಯಲು ಸುಲಭ, ಹರಿದರೆ ಇನ್ನೊಂದು.

ಕೊರಳಪಟ್ಟಿಯ ವಿಷಯದಲ್ಲಿ ಕಂಜೂಸುತನ ಮಾಡಬೇಡಿ. ಈ ನಾಯಿಯ ತಲೆ ಕಿರಿದು, ಕುತ್ತಿಗೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಸಾಮಾನ್ಯ ಬಕಲ್ ಪಟ್ಟಿ ಹಾಕಿ ರಸ್ತೆಗೆ ಕರೆದೊಯ್ದರೆ, ಎದುರಿಗೆ ಬೆಕ್ಕು ಕಂಡಾಗ ನಾಯಿ ಒಂದು ಹೆಜ್ಜೆ ಹಿಂದಕ್ಕೆ ಎಳೆದು ತಲೆ ತಗ್ಗಿಸುತ್ತದೆ. ಪಟ್ಟಿ ನಿಮ್ಮ ಕೈಯಲ್ಲಿ, ನಾಯಿ ಅಡ್ಡರಸ್ತೆಯಲ್ಲಿ. ಎಳೆದಾಗ ತುಸುವೇ ಬಿಗಿದು, ಬಿಟ್ಟಾಗ ಸಡಿಲಗೊಳ್ಳುವ, ಎರಡು ಇಂಚು ಅಗಲದ ಮಾರ್ಟಿಂಗೇಲ್ ಪಟ್ಟಿ ಸಿಗುತ್ತದೆ. ಅದನ್ನೇ ತನ್ನಿ. ಮೊಬೈಲ್ ಸಂಖ್ಯೆ ಕೆತ್ತಿದ ಬಿಲ್ಲೆಯನ್ನು ಅದಕ್ಕೆ ಹಾಕಿ.

ನಾಲ್ಕನೆಯ ಹೆಜ್ಜೆ: ಮೊದಲ ಎರಡು ತಿಂಗಳು

ಮೂರರಿಂದ ಹದಿನಾಲ್ಕು ವಾರದೊಳಗೆ ಮರಿ ಏನನ್ನು ನೋಡುತ್ತದೋ ಅದು ಅದಕ್ಕೆ ಲೋಕದ ಸಹಜ ಭಾಗ. ಆಮೇಲೆ ಕಂಡದ್ದೆಲ್ಲ ಅನುಮಾನದ್ದು. ಬಿಗುಮಾನದ ತಳಿಗೆ ಈ ಕಾಲ ಇನ್ನೂ ಮುಖ್ಯ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಯ ನೆಲಕ್ಕೆ ಬಿಡಬಾರದು ನಿಜ, ಆದರೆ ಎತ್ತಿಕೊಂಡು ಹೋಗಲು ಅಡ್ಡಿಯಿಲ್ಲ. ಹಾಲಿನ ಅಂಗಡಿ, ಬಸ್ ನಿಲ್ದಾಣ, ಶಾಲೆ ಬಿಡುವ ಹೊತ್ತಿನ ಗಲಾಟೆ, ಆಟೋ ಸದ್ದು, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು, ಎಲ್ಲವನ್ನೂ ನಿಮ್ಮ ತೋಳಿನ ಭದ್ರತೆಯಿಂದ ತೋರಿಸಿ. ಯಾರ ಕೈಗೂ ಬಲವಂತವಾಗಿ ಕೊಡಬೇಡಿ. ಮರಿ ತಾನಾಗಿ ಮೂಸಿದರೆ ಸಾಕು.

ಲಸಿಕೆಯ ಲೆಕ್ಕ ಸರಳ. ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು–ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್, ಇಲಿಜ್ವರ ಈ ರೋಗಗಳ ತಡೆ ಇದರಲ್ಲಿ ಸೇರುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಮುಂದೆ ವೈದ್ಯರು ಬರೆದ ದಿನಕ್ಕೆ ತಪ್ಪದೆ. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಪ್ರತಿ ಸಲವೂ ತೂಕ ನೋಡಿ ಕೊಡಬೇಕು, ಕಣ್ಣಳತೆ ಬೇಡ.

ಐದನೆಯ ಹೆಜ್ಜೆ: ಊಟ

ಊರ ಕಡೆ ಈ ನಾಯಿಗಳು ಜೋಳದ ರೊಟ್ಟಿ, ನುಚ್ಚು, ಹಾಲು ತಿಂದೇ ಬೆಳೆದವು. ಅದನ್ನೇ ಮುಂದೆ ಮಾಡಿ ಮಾಂಸ ಬೇಡವೇ ಬೇಡ ಎನ್ನುವವರಿದ್ದಾರೆ. ಹೊಲದಲ್ಲಿ ತಿರುಗುವ ನಾಯಿ ಇಲಿ, ಹೆಗ್ಗಣ, ಸಿಕ್ಕದ್ದನ್ನೆಲ್ಲ ತಾನೇ ಹಿಡಿದು ತಿನ್ನುತ್ತಿತ್ತು ಎಂಬುದನ್ನು ಅವರು ಮರೆಯುತ್ತಾರೆ. ಗೇಟಿನೊಳಗಿನ ನಾಯಿಗೆ ಆ ಪಾಲನ್ನು ನೀವೇ ಕೊಡಬೇಕು.

ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಹೊತ್ತು, ನಾಲ್ಕು ತಿಂಗಳಿಂದ ಮೂರು ಹೊತ್ತು, ವರ್ಷ ತುಂಬಿದ ಮೇಲೆ ಎರಡು ಹೊತ್ತು. ಇಪ್ಪತ್ತೈದು ಕಿಲೋ ತೂಗುವ, ದಿನಾ ಓಡುವ ನಾಯಿಗೆ 1,300ರಿಂದ 1,500 ಕಿಲೋಕ್ಯಾಲರಿ ಬೇಕು. ಮನೆಯೂಟದಲ್ಲಿ ಇದು ಹೆಚ್ಚುಕಡಿಮೆ ಮೂರು ಜೋಳದ ರೊಟ್ಟಿ, ಮೂಳೆ ತೆಗೆದು ಬೇಯಿಸಿದ 300 ಗ್ರಾಂ ಕೋಳಿ ಮಾಂಸ, ಎರಡು ಮೊಟ್ಟೆ, ಒಂದು ಬಟ್ಟಲು ಮೊಸರು, ಬೇಯಿಸಿದ ಕುಂಬಳ ಅಥವಾ ಗಜ್ಜರಿ, ಒಂದು ಚಮಚ ತುಪ್ಪ. ಇದಿಷ್ಟರಲ್ಲಿ ಸುಣ್ಣದಂಶ ಸಾಲದು, ಹಾಗೆಂದು ಬೆಳೆಯುವ ಮರಿಗೆ ಸಿಕ್ಕ ಕ್ಯಾಲ್ಸಿಯಂ ಟಾನಿಕ್ ಸುರಿಯುವುದೂ ಮೂಳೆಗೆ ಕೇಡು. ಪ್ರಮಾಣವನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ಒಣ ಆಹಾರದ ಪೊಟ್ಟಣ ಕೊಡುವವರಿಗೆ ಈ ತೊಂದರೆ ಇಲ್ಲ, ಖರ್ಚು ಮಾತ್ರ ಇದೆ. ಯಾವುದನ್ನು ಕೊಟ್ಟರೂ ದಿಢೀರನೆ ಬದಲಿಸಬೇಡಿ. ಈ ತಳಿಯ ಹೊಟ್ಟೆ ನಾಜೂಕು. ಒಂದು ವಾರದಲ್ಲಿ ನಿಧಾನವಾಗಿ ಹಳೆಯದನ್ನು ಕಡಿಮೆ ಮಾಡಿ ಹೊಸದನ್ನು ಬೆರೆಸಿ.

ಮಿಕ್ಕ ಸಾರನ್ನ ಹಾಕುವ ರೂಢಿ ಬಿಡಿ. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಬೆಂದ ಮೂಳೆ ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚುತ್ತದೆ.

ಇನ್ನು ನೆಂಟರ ಪ್ರಶ್ನೆ: “ಪಾಪ, ನಾಯಿಗೆ ಊಟ ಹಾಕುವುದಿಲ್ಲವೇ?” ಪಕ್ಕೆಯ ಕೊನೆಯ ಎರಡು–ಮೂರು ಎಲುಬು ಮತ್ತು ಸೊಂಟದ ಮೂಳೆಯ ತುದಿ ತೆಳುವಾಗಿ ಕಾಣುವುದು ಆರೋಗ್ಯವಂತ ಮುಧೋಳ ನಾಯಿಯ ಲಕ್ಷಣ. ತೊಡೆಯ ಮೇಲೆ ಕೈ ಇಟ್ಟು ನೋಡಿ, ಅಲ್ಲಿ ಸ್ನಾಯು ತುಂಬಿ ಗಟ್ಟಿಯಾಗಿದ್ದರೆ ಊಟ ಸರಿಯಾಗಿದೆ. ತೊಡೆ ಬತ್ತಿ ಬೆನ್ನುಮೂಳೆಯ ಗಂಟುಗಳೆಲ್ಲ ಎದ್ದು ಕಂಡರೆ ಮಾತ್ರ ಚಿಂತಿಸಬೇಕು. ಕೊಬ್ಬಿಸಿದ ಬೇಟೆ ನಾಯಿಯ ಕಾಲು ಬೇಗ ಕೆಡುತ್ತದೆ.

ಆರನೆಯ ಹೆಜ್ಜೆ: ಮಾತು ಕಲಿಸುವುದು

ಹೊಡೆದು ಕಲಿಸುವವರು ಈ ತಳಿಯನ್ನು ಮುಟ್ಟಲೇಬಾರದು. ಏಟು ತಿಂದ ಅಲ್ಸೇಷಿಯನ್ ಮರುದಿನ ಬಾಲ ಆಡಿಸಿಕೊಂಡು ಬರಬಹುದು; ಮುಧೋಳ ನಾಯಿ ಆ ಕೈಯನ್ನು ತಿಂಗಳುಗಟ್ಟಲೆ ನೆನಪಿಟ್ಟುಕೊಂಡು, ಕರೆದಾಗ ದೂರದಲ್ಲೇ ನಿಲ್ಲುತ್ತದೆ. ಒಂದೇ ಪಾಠವನ್ನು ಇಪ್ಪತ್ತು ಸಲ ಹೇಳಿದರೆ ಬೇಸರಪಟ್ಟು ಮುಖ ತಿರುಗಿಸುತ್ತದೆ. ಐದು ನಿಮಿಷದ ಪಾಠ, ದಿನಕ್ಕೆ ಮೂರು ಹೊತ್ತು, ಚೂರು ಬೇಯಿಸಿದ ಕೋಳಿಯ ಆಸೆ, ಅಷ್ಟು ಸಾಕು.

ಕೂರು, ಮಲಗು ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಕರೆದಾಗ ಬರುವುದು. ಅದಕ್ಕೆ ಸೀಟಿ ಒಳ್ಳೆಯದು. ದೂರಕ್ಕೆ ಕೇಳುತ್ತದೆ, ನಿಮ್ಮ ಸಿಟ್ಟು ಅದರಲ್ಲಿ ಕೇಳಿಸುವುದಿಲ್ಲ. ಮೊದಲ ವಾರ ಊಟದ ತಟ್ಟೆ ಇಡುವ ಮುನ್ನ ಪ್ರತಿ ಸಲ ಎರಡು ಬಾರಿ ಊದಿ. ಎರಡನೆಯ ವಾರ ಬೇರೆ ಕೋಣೆಯಿಂದ ಊದಿ, ಬಂದಾಗ ಮಾಂಸದ ಚೂರು ಕೊಡಿ. ಮೂರನೆಯ ವಾರ ಅಂಗಳದಲ್ಲಿ, ಆಮೇಲೆ ಬೇಲಿಯಿರುವ ಬಯಲಿನಲ್ಲಿ. ಸೀಟಿಗೆ ಬಂದ ನಾಯಿಗೆ ಎಂದೂ ಬೈಯಬೇಡಿ, ಬಂದ ಕೂಡಲೇ ಪಟ್ಟಿ ಸಿಕ್ಕಿಸಿ ಮನೆಗೆ ಎಳೆಯಬೇಡಿ. ಐದು ಸಲ ಕರೆದರೆ ನಾಲ್ಕು ಸಲ ತಿನಿಸು ಕೊಟ್ಟು ಮತ್ತೆ ಓಡಲು ಬಿಡಿ. ಇಷ್ಟೆಲ್ಲ ಮಾಡಿದರೂ ಒಂದು ಸತ್ಯ ಉಳಿಯುತ್ತದೆ: ಮೊಲ ಎದ್ದು ಓಡಿದ ಮೇಲೆ ನಿಮ್ಮ ಸೀಟಿ ಆ ನಾಯಿಗೆ ಕೇಳುವುದಿಲ್ಲ. ಆದ್ದರಿಂದ ಬೇಲಿಯಿಲ್ಲದ ಜಾಗದಲ್ಲಿ, ರಸ್ತೆಯ ಬದಿಯಲ್ಲಿ, ಎಷ್ಟೇ ಪಳಗಿದ ಮುಧೋಳ ನಾಯಿಯ ಪಟ್ಟಿಯನ್ನೂ ಬಿಚ್ಚುವಂತಿಲ್ಲ.

ಏಳನೆಯ ಹೆಜ್ಜೆ: ಓಟ

ನಡಿಗೆ ಬೇರೆ, ಓಟ ಬೇರೆ. ದೊಡ್ಡ ನಾಯಿಗೆ ಬೆಳಗ್ಗೆ, ಸಂಜೆ ಮುಕ್ಕಾಲು ಗಂಟೆಯ ನಡಿಗೆ ಬೇಕು. ಅದರ ಮೇಲೆ ವಾರದಲ್ಲಿ ನಾಲ್ಕೈದು ದಿನವಾದರೂ ಪಟ್ಟಿ ಕಳಚಿದ ಪೂರ್ಣ ವೇಗದ ಓಟ, ಹತ್ತು ನಿಮಿಷವಾದರೂ ಸರಿ. ಬೈಕಿನ ಹಿಂದೆ ಹಗ್ಗ ಕಟ್ಟಿ ಓಡಿಸುವವರನ್ನು ಹೆದ್ದಾರಿಯ ಬದಿಯಲ್ಲಿ ಕಾಣುತ್ತೇವೆ. ಅದು ಓಟವಲ್ಲ, ಶಿಕ್ಷೆ. ಕಾದ ಡಾಂಬರಿಗೆ ಅಂಗಾಲು ಸುಲಿಯುತ್ತದೆ, ನಾಯಿಗೆ ತಾನು ದಣಿದಾಗ ನಿಲ್ಲುವ ಸ್ವಾತಂತ್ರ್ಯವಿಲ್ಲ.

ಜಾಗ ಆರಿಸುವಾಗ ನಾಯಿಯನ್ನು ಬಿಡುವ ಮುನ್ನ ನೀವು ಒಂದು ಸುತ್ತು ನಡೆಯಿರಿ. ಕಟ್ಟೆಯಿಲ್ಲದ ತೆರೆದ ಬಾವಿ ಇದೆಯೇ? ಬೇಲಿ ಮುಳ್ಳುತಂತಿಯದೇ? ಗಂಟೆಗೆ ನಲವತ್ತು–ಐವತ್ತು ಕಿಲೋಮೀಟರ್ ವೇಗದಲ್ಲಿ ಬರುವ ನಾಯಿಗೆ ತೆಳು ತಂತಿ ಕಾಣುವುದೇ ಇಲ್ಲ. ಕಾಗದದಂಥ ಚರ್ಮ ಎದೆಯಿಂದ ತೊಡೆಯವರೆಗೆ ಹರಿದುಕೊಂಡು ಬಂದ ನಾಯಿಗೆ ಹತ್ತಿಪ್ಪತ್ತು ಹೊಲಿಗೆ ಬೀಳುತ್ತದೆ. ಕಬ್ಬು ಕಟಾವಾದ ಹೊಲ ದೂರದಿಂದ ಚೆಂದದ ಬಯಲಿನಂತೆ ಕಾಣುತ್ತದೆ, ಆದರೆ ಓರೆಯಾಗಿ ಕಡಿದ ಕೂಳೆಗಳು ಈಟಿಯ ಮೊನೆಯಷ್ಟೇ ಚೂಪು. ಜೋಳದ ಕೂಳೆಯೂ ಹಾಗೆಯೇ. ಸುತ್ತ ಬೇಲಿಯಿದ್ದರೆ ಉತ್ತು ಹರಗಿದ ಹೊಲ, ಹುಲ್ಲಿನ ಮೈದಾನ, ಒಣಗಿದ ಕೆರೆಯಂಗಳ ಒಳ್ಳೆಯವು. ನಗರದಲ್ಲಿರುವವರು ಗೋಡೆಯಿರುವ ಖಾಲಿ ನಿವೇಶನದ ಮಾಲೀಕರನ್ನೋ, ಬೆಳಗಿನ ಜಾವದ ಶಾಲಾ ಮೈದಾನವನ್ನೋ ಅನುಮತಿ ಕೇಳಿ ಹೊಂದಿಸಿಕೊಳ್ಳಬೇಕು.

ಮೊಲ ಹಿಡಿಸುವ ಆಸೆ ಕೆಲವರಿಗೆ ಇನ್ನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ನಾಯಿಯ ಹೆಸರಲ್ಲಿ ಜೈಲಿಗೆ ಹೋಗುವುದು ನೀವು. ಬೇಟೆಯ ಹಂಬಲ ತೀರಿಸಲು ಬೇರೆ ದಾರಿ ಇದೆ. ಆರಡಿ ಬಿದಿರು ಕೋಲಿನ ತುದಿಗೆ ಎಂಟು–ಹತ್ತಡಿ ಹಗ್ಗ ಕಟ್ಟಿ, ಹಗ್ಗದ ತುದಿಗೆ ಹಳೆಯ ಟವೆಲಿನ ತುಂಡು ಗಂಟುಹಾಕಿ. ನಡುವೆ ನಿಂತು ಬಟ್ಟೆಯನ್ನು ನೆಲಕ್ಕೆ ತಾಗಿಸಿ ದೊಡ್ಡ ವೃತ್ತದಲ್ಲಿ ಎಳೆಯಿರಿ, ಆಗಾಗ ದಿಕ್ಕು ಬದಲಿಸಿ. ನೆಲ ಬಿಟ್ಟು ಮೇಲೆತ್ತಬೇಡಿ. ಗಾಳಿಯಲ್ಲಿ ತಿರುಚಿ ನೆಗೆದರೆ ಮಂಡಿಯ ಕಟ್ಟು ಹರಿಯುತ್ತದೆ. ನಾಲ್ಕೈದು ಸುತ್ತಿಗೊಮ್ಮೆ ಹಿಡಿಯಲು ಬಿಡಿ, ಇಲ್ಲದಿದ್ದರೆ ಆಟದಲ್ಲಿ ನಂಬಿಕೆ ಹೋಗುತ್ತದೆ. ಬಾಯಲ್ಲಿ ಬಟ್ಟೆ ಹಿಡಿದು ಕೊಡವುತ್ತಾ ನಿಂತಾಗ ಅದರ ಮುಖ ನೋಡಬೇಕು! ಆಮೇಲೆ ಕೋಳಿಯ ಚೂರು ತೋರಿಸಿ “ಬಿಡು” ಕಲಿಸಲು ಅದೇ ಸರಿಯಾದ ಗಳಿಗೆ. ನಾಲಿಗೆ ಅಗಲವಾಗಿ ಪಕ್ಕಕ್ಕೆ ಜೋತುಬೀಳುವ ಮೊದಲೇ ಆಟ ಮುಗಿಸಿ.

ಒಂದು ವರ್ಷ ತುಂಬದ ಮರಿಯ ಮೂಳೆಯ ತುದಿಗಳು ಇನ್ನೂ ಎಳೆ. ಮೆತ್ತನೆಯ ನೆಲದಲ್ಲಿ ಅದಾಗಿಯೇ ಓಡಿ ನಿಲ್ಲಲಿ. ಕೋಲಿನ ಆಟ ಎರಡು–ಮೂರು ನಿಮಿಷ ಸಾಕು, ಹಠಾತ್ ತಿರುವು ಬೇಡ.

ಓಟದ ನಂತರ ಕಾಲು ನೋಡುವುದು ನಿತ್ಯದ ಕೆಲಸ. ನಾಲ್ಕೂ ಅಂಗಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ: ನೆಗ್ಗಿಲು ಮುಳ್ಳು, ಹುಲ್ಲಿನ ಮುಳ್ಳು, ಸೀಳಿದ ಉಗುರು. ಮುಂಗಾಲಿನ ಮೇಲ್ಬದಿಯ ಹೆಬ್ಬೆರಳುಗುರು ಎಲ್ಲಕ್ಕಿಂತ ಹೆಚ್ಚು ಸಿಕ್ಕಿಕೊಂಡು ಕೀಳುವುದು. ನಿಂತಾಗ ಉಗುರು ನೆಲಕ್ಕೆ ಬಡಿಯುವ ಸದ್ದು ಕೇಳಿಸಿದರೆ ಕತ್ತರಿಸುವ ಕಾಲ ಬಂದಿದೆ.

ಎಂಟನೆಯ ಹೆಜ್ಜೆ: ಬಿಸಿಲು, ಚಳಿ, ಉಣ್ಣೆ ಹುಳು

ಮುಧೋಳದ ನಾಯಿ, ಬಿಸಿಲಿಗೆ ಒಗ್ಗಿದೆ ಎಂದು ಮಧ್ಯಾಹ್ನ ಓಡಿಸುವವರು ನಾಯಿ ಕಳೆದುಕೊಳ್ಳುತ್ತಾರೆ. ನೆರಳಿನಲ್ಲಿ ಮಲಗಿದಾಗ ಬಿಸಿಲು ತಡೆಯುವುದು ಬೇರೆ, ಓಟದಿಂದ ಮೈಯೊಳಗೇ ಹುಟ್ಟುವ ಬಿಸಿ ಬೇರೆ. ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನ ಅಥವಾ ಕತ್ತಲಾದ ಮೇಲೆ ಮಾತ್ರ. ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಏದುಸಿರು ನಿಲ್ಲದೆ, ಒಸಡು ಕಡುಕೆಂಪಾಗಿ, ನಡೆ ತಡವರಿಸಿ, ತಾಪ 105 ದಾಟಿದರೆ ಹೊಟ್ಟೆ, ತೊಡೆಸಂದು, ಅಂಗಾಲಿಗೆ ಸಾದಾ ನೀರು ಸುರಿಯುತ್ತಾ ಗಾಳಿ ಬೀಸಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಚಳಿಯಲ್ಲಿ ಇದರ ಉಲ್ಟಾ. ಮಲೆನಾಡಿನಲ್ಲೋ ಕೊಡಗಿನಲ್ಲೋ ಸಾಕುವವರು ರಾತ್ರಿ ಒಳಗೇ ಮಲಗಿಸಿ, ಒಂದು ಹೊದಿಕೆ ಹೊಲಿಸಿ. ಸ್ನಾನ ತಿಂಗಳಿಗೊಮ್ಮೆ ಸಾಕು. ಕೂದಲು ಗಿಡ್ಡ, ವಾಸನೆ ಕಡಿಮೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೈ ಹೊಳೆಯುತ್ತದೆ.

ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ನಾಯಿಗಳ ದೊಡ್ಡ ಶತ್ರು. ಎರ್ಲಿಕಿಯ, ಬಬೇಸಿಯ ಎಂಬ ರೋಗಾಣುಗಳು ರಕ್ತಕ್ಕೆ ಸೇರಿ ರಕ್ತಹೀನತೆ ತರುತ್ತವೆ. ಓಡಲು ಹಿಂಜರಿಕೆ, ಊಟ ಬಿಡುವುದು, ಬಿಳಿಚಿದ ಒಸಡು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ಎರಡು ದಿನ ನೋಡೋಣ ಎಂದು ಕೂತರೆ ಕೈಮೀರುತ್ತದೆ. ತೋಟದ ಮನೆಗಳಲ್ಲಿ ದನಕ್ಕೆ ತಂದ ಉಣ್ಣೆ ಔಷಧವನ್ನೇ ನಾಯಿಗೂ ಸಿಂಪಡಿಸುತ್ತಾರೆ. ಕೊಬ್ಬಿಲ್ಲದ ಮೈಗೆ ಅಂದಾಜಿನ ಅಳತೆ ಅಪಾಯ. ನಾಯಿಗೆಂದೇ ತಯಾರಾದ, ತೂಕಕ್ಕೆ ತಕ್ಕ ಔಷಧ ಮಾತ್ರ ಬಳಸಿ. ಜ್ವರಕ್ಕೆ ಮನೆಯ ಪ್ಯಾರಾಸಿಟಮಾಲ್ ಅಥವಾ ನೋವಿನ ಮಾತ್ರೆ ಕೊಡಲೇಬೇಡಿ.

ಒಂಬತ್ತನೆಯ ಹೆಜ್ಜೆ: ವೈದ್ಯರಿಗೆ ನೀವೇ ಹೇಳಬೇಕಾದ ಎರಡು ಮಾತು

ಒಂದು, ಅರಿವಳಿಕೆ. ಗ್ರೇಹೌಂಡ್ ಜಾತಿಯ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳು, ಮುಖ್ಯವಾಗಿ ಥಯೋಪೆಂಟಾಲ್, ಮೈಯಿಂದ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಮುಧೋಳ ನಾಯಿಯದೂ ಅದೇ ಬಗೆಯ ಮೈಕಟ್ಟು. ಸಂತಾನಹರಣ ಶಸ್ತ್ರಕ್ರಿಯೆಯೇ ಇರಲಿ, ಹೊಲಿಗೆಯೇ ಇರಲಿ, ಇದು ಕೊಬ್ಬಿಲ್ಲದ ಬೇಟೆ ನಾಯಿ ಎಂದು ಮೊದಲೇ ನೆನಪಿಸಿ. ಬೀದಿ ನಾಯಿಗಳನ್ನೇ ಹೆಚ್ಚಾಗಿ ನೋಡುವ ವೈದ್ಯರು ಬೇಸರಪಡುವುದಿಲ್ಲ, ತೂಕವನ್ನು ಮತ್ತೊಮ್ಮೆ ನೋಡುತ್ತಾರೆ.

ಎರಡು, ಹೊಟ್ಟೆಯುಬ್ಬರ. ಆಳ ಎದೆಯ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ವಾಂತಿಗೆ ಒತ್ತರಿಸುತ್ತದೆ, ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ಹೊಟ್ಟೆ ಬಿಗಿಯುತ್ತದೆ, ಒಂದೆಡೆ ನಿಲ್ಲಲಾರದು. ಇದಕ್ಕೆ ಓಮದ ನೀರಲ್ಲ, ಶಸ್ತ್ರಕ್ರಿಯೆ ಬೇಕು, ಅದೂ ಗಂಟೆಗಳೊಳಗೆ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು ಎಂಬುದನ್ನು ಮರಿ ತಂದ ವಾರವೇ ತಿಳಿದುಕೊಂಡು ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಊಟಕ್ಕೂ ಓಟಕ್ಕೂ ನಡುವೆ ಹಿಂದೆ ಮುಂದೆ ಒಂದು ಗಂಟೆಗೂ ಹೆಚ್ಚು ಅಂತರವಿರಲಿ.

ಹತ್ತನೆಯ ಹೆಜ್ಜೆ: ಬೆದೆ, ಮರಿ, ಮುಪ್ಪು

ಹೆಣ್ಣು ಹತ್ತು ತಿಂಗಳಿಂದ ಒಂದೂವರೆ ವರ್ಷದೊಳಗೆ ಮೊದಲ ಬಾರಿ ಬೆದೆಗೆ ಬರಬಹುದು. ಆ ಮೂರು ವಾರ ಅಂಗಳಕ್ಕೂ ಒಂಟಿಯಾಗಿ ಬಿಡಬೇಡಿ. ಆರಡಿ ಗೋಡೆಯನ್ನು ಹೊರಗಿನಿಂದ ಹಾರುವ ಗಂಡುಗಳಿವೆ. ಮರಿ ಮಾಡಿಸುವ ಆಲೋಚನೆ ಇದ್ದರೆ ಎರಡು ವರ್ಷ ತುಂಬಲಿ, ಸೋದರ ಸಂಬಂಧದ ಜೋಡಿ ಬೇಡ. ಕೆಲವೇ ಹಳ್ಳಿಗಳ ಸುತ್ತ ಉಳಿದ ತಳಿಯಲ್ಲಿ ಒಳಸಂಬಂಧವೇ ದೊಡ್ಡ ರೋಗ. ಗರ್ಭ ಸುಮಾರು 63 ದಿನ. ಮರಿಗಳಿಗೆ ಬಯಲಿರುವ ಮನೆಗಳನ್ನು ಮೊದಲೇ ಗುರುತಿಸದೆ ಜೋಡಿ ಮಾಡಿಸಬೇಡಿ. ಆ ಉದ್ದೇಶವಿಲ್ಲದವರು ಮೈ ಪೂರ್ತಿ ಬೆಳೆದ ಮೇಲೆ ಸಂತಾನಹರಣ ಮಾಡಿಸುವುದು ಒಳಿತು.

ಹನ್ನೆರಡು ವರ್ಷದ ಆಸುಪಾಸು ಬದುಕುವ ನಾಯಿ ಇದು. ಎಂಟು ದಾಟಿದ ಮೇಲೆ ವರ್ಷಕ್ಕೆರಡು ಸಲ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಹಲ್ಲಿನ ಗಾರೆ ನೋಡಿಸಿ. ಉದ್ದ ಮೂತಿಯ ಹಿಂದಿನ ಹಲ್ಲುಗಳು ಸದ್ದಿಲ್ಲದೆ ಕೊಳೆಯುತ್ತವೆ. ಓಟ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಮುದಿ ನಾಯಿಯೂ ಬೆಳಗ್ಗೆ ಒಂದು ಸುತ್ತು ಓಡಿಯೇ ತೀರುತ್ತದೆ, ಆಮೇಲೆ ಕುಂಟುತ್ತದೆ. ಕೋಲಿನ ಆಟ ನಿಲ್ಲಿಸಿ ನಡಿಗೆಯನ್ನು ನಾಲ್ಕು ಸಣ್ಣ ಪಾಲು ಮಾಡಿ. ನುಣುಪು ಟೈಲ್ಸ್ ಮೇಲೆ ಗೋಣಿತಾಟು ಅಥವಾ ರಬ್ಬರ್ ಚಾಪೆ ಹಾಸಿ, ಏಳುವಾಗ ಹಿಂಗಾಲು ಜಾರದಿರಲಿ. ಕೌದಿಗೆ ಇನ್ನೆರಡು ಮಡಿಕೆ ಸೇರಿಸಿ.